ಏಳನೇ ಪೋರ್ಟಿನ ಸಮಾಚಾರ

ಕಳೆದ ಸೀಸನ್ನಿನ ಒಂದು ಬೆಳಿಗ್ಗೆ ಕೋಲಾರದ ಒಂದು ಟೊಮೇಟೊ ಮಂಡಿಯಲ್ಲಿ ಹಸಿರು ದೀಪವೊಂದು ಆರಿಹೋಯಿತು. ಸಾಸಿವೆ ಕಾಳಿನಷ್ಟು ದೀಪ. ಆರಿ, ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಹತ್ತಿಕೊಂಡಿತು. ಪ್ರಾಣಹಾನಿಯ ವರದಿ ಬರಲಿಲ್ಲ. ಪರಿಸ್ಥಿತಿ ಹತೋಟಿಯಲ್ಲಿತ್ತು. ಆದರೂ ನಮ್ಮ ಮ್ಯಾನೇಜರ್ ಬೆಂಗಳೂರಿನಿಂದ ಫೋನ್ ಮಾಡಿ, "ಏನ್ರೀ ಅದು?" ಎಂದರು.

ನನ್ನ ಕಸುಬಿನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ನೆಟ್‌ವರ್ಕ್ ಸ್ವಿಚ್‌ಗಳಿಗೆ ಡ್ರೈವರ್ ಬರೆಯುವವನು. ಸ್ವಿಚ್ ಎಂದರೆ ಗೋಡೆಯ ಮೇಲಿನದಲ್ಲ. ಮೈತುಂಬ ಕೇಬಲ್ ಸಿಕ್ಕಿಸಿಕೊಂಡು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿ. ಕೇಬಲ್ ಸಿಕ್ಕಿಸುವ ಒಂದೊಂದು ಕಿಂಡಿಯೂ ಒಂದು ಪೋರ್ಟ್. ಅದರ ಪಕ್ಕದ ಹಸಿರು ದೀಪ ಆರಿದರೆ ಪೋರ್ಟ್ ಬಿತ್ತು ಎಂದರ್ಥ. ಡ್ರೈವರ್ ಎಂದರೆ ಲಾರಿಯದಲ್ಲ. ಡಬ್ಬಿಗೂ ಅದರೊಳಗಿನ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಮು. ಅದರಲ್ಲೂ ನನ್ನ ಪಾಲಿಗೆ ಬಂದಿರುವುದು ಸಮಾಚಾರ ಮುಟ್ಟಿಸುವ ಭಾಗ. ಕೇಬಲ್ ಕಿತ್ತರೆ ಕಿತ್ತರು, ಹಾಕಿದರೆ ಹಾಕಿದರು, ಡಬ್ಬಿ ಬಿಸಿಯಾದರೆ ಬಿಸಿಯಾಯಿತು ಎಂದು ನನ್ನ ಪ್ರೋಗ್ರಾಮು ಸಿಸ್ಟಮ್‌ಗೆ ಹೇಳಬೇಕು. 'ನನಗೂ ತಿಳಿಸಿ' ಎಂದು ಹೆಸರು ಕೊಟ್ಟವರಿಗೆಲ್ಲ ಸಿಸ್ಟಮ್ ಅದನ್ನು ದಾಟಿಸುತ್ತದೆ. ಗಿರಾಕಿಯ ಫೋನಿಗೆ ಮೆಸೇಜ್ ಹೋಗುವುದೂ ಹೀಗೆಯೇ. ಸಮಾಚಾರ ಕೈಗೆ ಬಂದ ಗಳಿಗೆಯಲ್ಲಿ ಪ್ರೋಗ್ರಾಮು ಸಾಮಾನ್ಯವಾಗಿ ನಿದ್ದೆ ಮಾಡುವಂತಿಲ್ಲ, ಎಂದರೆ ಕಾಯುತ್ತಾ ಕೂರುವಂತಿಲ್ಲ, ಎಂಬುದು ಈ ಕಸುಬಿನ ಕಟ್ಟುನಿಟ್ಟಿನ ನಿಯಮ. ಬರೆಯುವವನಿಗೆ ಅಂಥ ನಿಯಮವೇನೂ ಇಲ್ಲ, ಅಭ್ಯಾಸವಾಗಿದೆ, ಅಷ್ಟೆ.

ನಮ್ಮದು ಕೋಲಾರದಲ್ಲಿ ಒಂದು ಬೇಕರಿಯ ಮೇಲಿನ ಒಂದೇ ಕೋಣೆಯ ಕಚೇರಿ. ಅದರಲ್ಲಿ ಇಬ್ಬರು: ನಾನು, ಮತ್ತು ನಾನು ಬರೆದದ್ದರಲ್ಲಿ ತಪ್ಪು ಹುಡುಕುವ ಮುಳಬಾಗಿಲಿನ ಸಹೋದ್ಯೋಗಿ. ಹೊಸ ಸ್ವಿಚ್ಚನ್ನು ಕೋಲಾರ, ಮಾಲೂರು, ಶ್ರೀನಿವಾಸಪುರಗಳಲ್ಲಿ ಟ್ರಯಲ್‌ಗೆ ಇಟ್ಟಿದ್ದೆವು. ಷರತ್ತು ಸರಳ: ನಡೆದದ್ದು ತಿಳಿಯದೆ ಹೋಗಬಾರದು, ನಡೆಯದೆ ಇದ್ದದ್ದು ತಿಳಿಯಬಾರದು. ಕೊನೆಗೆ ಮಂಡಿಯ ಮಾಲೀಕರು 'ತೃಪ್ತಿಯಾಗಿದೆ' ಎಂದು ಸಹಿ ಹಾಕಬೇಕು. ಹಾಕದಿದ್ದರೆ ಕೋಲಾರದ ಕಚೇರಿಗೆ ಬೀಗ. ನಾವಿಬ್ಬರೂ ದಿನಾ ಬೆಳಗಿನ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ. ಕೂತುಕೊಂಡು ಹೋಗಬಹುದು ಎಂದು ಹೇಳುವವರು ಆ ರೈಲನ್ನು ನೋಡಿಲ್ಲ.

೧. ಏಳನೇ ಪೋರ್ಟ್

ಮಂಡಿಯ ಸ್ವಿಚ್‌ನಲ್ಲಿ ಉಳಿದೆಲ್ಲ ಪೋರ್ಟ್‌ಗಳೂ ಮರ್ಯಾದಸ್ಥರ ಹಾಗೆ ಇದ್ದವು. ಏಳನೆಯದು ಮಾತ್ರ ಹರಾಜು ಶುರುವಾಗುತ್ತಿದ್ದಂತೆ ಬೀಳುವುದು, ಏಳುವುದು, ಬೀಳುವುದು. ಪ್ರತಿ ಸಲ ಬಿದ್ದಾಗಲೂ ಮಾಲೀಕರ ಫೋನಿಗೆ ಮೆಸೇಜ್.

"ಡ್ರೈವರ್ ಸುಳ್ಳು ಹೇಳ್ತಿದೆ," ಎಂದರು ಮ್ಯಾನೇಜರ್.

"ಇಲಿ ಕೇಬಲ್ ಕಡೀತಿರಬಹುದು ಸಾರ್."

"ಹರಾಜು ಇಲ್ಲದ ದಿನ ಇಲಿಗೂ ರಜಾನಾ?"

ಮಂಡಿಯ ಗುಮಾಸ್ತರಿಗೆ ಫೋನ್ ಮಾಡಿದೆ. ಹಿನ್ನೆಲೆಯಲ್ಲಿ ಹರಾಜಿನ ಕೂಗು. "ಏನೂ ತೊಂದ್ರೆ ಇಲ್ಲ ಸಾರ್, ಫಸ್ಟ್ ಕ್ಲಾಸಾಗೈತೆ," ಎಂದು ಇಟ್ಟರು. ಸೀಸನ್ನಿನಲ್ಲಿ ಮಂಡಿಯೊಳಗೆ ಹೋಗಿ ನೋಡುವ ಮಾತೇ ಇಲ್ಲ. ಟೊಮೇಟೊ ಬಾಕ್ಸುಗಳೇ ಅಡ್ಡಡ್ಡ ನಡೆಯಬೇಕಾಗುತ್ತದೆ.

ಕೊನೆಗೆ ಕಸುಬಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಪೋರ್ಟ್ ಬಿದ್ದು ಮೂರು ಸೆಕೆಂಡಿನೊಳಗೆ ತಾನೇ ಎದ್ದರೆ ಯಾರಿಗೂ ಹೇಳಬೇಡ ಎಂದು ಡ್ರೈವರಿನಲ್ಲಿ ಬರೆದೆ. ಸಹೋದ್ಯೋಗಿ ಅದನ್ನು ಓದಿ, "ಅಂದ್ರೆ ಏನೂ ಆಗ್ಲೇ ಇಲ್ಲ ಅಂದ್ಕೊಂಡು ಸುಮ್ನಿರೋದು, ಅಷ್ಟೇ ತಾನೆ ಸಾರ್?" ಎಂದರು.

"ಹೂಂ."

"ಸರಿಯಾಗೇ ಐತೆ ಬಿಡಿ. ನಮ್ಮನೇಲಿ ಸಂಸಾರ ನಡೀತಿರೋದೂ ಹಿಂಗೇನೇ."

೨. ಒದ್ದೆ ಗೋಣಿ

ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಸ್ವಿಚ್ ಇಟ್ಟಿದ್ದು ಸುಡುವ ಗೂಡಿನ ಪಕ್ಕದ ಗೋಡೆಗೆ. ಬೇರೆ ಕಡೆ ಜಾಗವಿತ್ತು. ಆದರೆ ಅಲ್ಲಿ ಆಗಲೇ ದೇವರ ಫೋಟೊ ಇತ್ತು. ಮಧ್ಯಾಹ್ನವಾಗುತ್ತಿದ್ದಂತೆ 'ಸ್ವಿಚ್ ಬಿಸಿಯಾಗಿದೆ, ಗಮನಿಸಿ' ಎಂಬ ಮೆಸೇಜ್ ಸೂಪರ್‌ವೈಸರಿಗೆ ತಪ್ಪದೆ ಹೋಗುತ್ತಿತ್ತು. ಒಂದು ದಿನ ಅವರು ಗಮನಿಸಿಬಿಟ್ಟರು.

ಆ ಮಧ್ಯಾಹ್ನ ನಮ್ಮ ಪರದೆಯ ಮೇಲೆ ಮಾಲೂರಿನ ಪೋರ್ಟ್‌ಗಳು ಒಂದೊಂದಾಗಿ ಬೀಳತೊಡಗಿದವು. ಒಂದು, ಎರಡು, ಮೂರು, ಎಡದಿಂದ ಬಲಕ್ಕೆ, ಸಾಲು ತಪ್ಪದೆ. ಸಹೋದ್ಯೋಗಿ ಶಾಲೆಯಲ್ಲಿ ಹಾಜರಿ ಕರೆಯುವಂತೆ ಓದುತ್ತಾ ಹೋದರು. ಕೊನೆಯ ಪೋರ್ಟಿನ ನಂತರ ಡಬ್ಬಿಯೇ ಮೌನವಾಯಿತು.

ನಾನು ಸೂಪರ್‌ವೈಸರಿಗೆ ಫೋನ್ ಮಾಡಿದೆ. "ಏನು ಮಾಡಿದ್ರಿ?"

"ಬಿಸಿಯಾಗೈತೆ ಅಂತ ನೀವೇ ಮೆಸೇಜ್ ಹಾಕಿದ್ರಲ್ಲ ಸಾರ್. ಒದ್ದೆ ಗೋಣಿ ಹೊದಿಸಿದ್ವಿ."

"ಸ್ವಿಚ್‌ಗಾ?"

"ಹಸಿ ಹೆಂಚಿಗೂ ಅದನ್ನೇ ಮಾಡೋದು ಸಾರ್. ಬಿಸಿಲಿಗೆ ಬಿರುಕು ಬಿಡಬಾರ್ದು ಅಂತ. ಇಷ್ಟು ವರ್ಷದಲ್ಲಿ ಒಂದು ಹೆಂಚೂ ಕಂಪ್ಲೇಂಟ್ ಹೇಳಿಲ್ಲ."

ಮ್ಯಾನೇಜರಿಗೆ ವಿಷಯ ತಿಳಿಸಿದೆ. ಅವರು, "ಸಾಯೋ ಮುಂಚೆ ಎಲ್ಲಾ ಪೋರ್ಟಿನ ಮೆಸೇಜೂ ಬಂತಾ?" ಎಂದು ಕೇಳಿದರು.

"ಒಂದೂ ಬಿಟ್ಟಿಲ್ಲ ಸಾರ್. ಕೊನೆಯುಸಿರಿನವರೆಗೂ ತಿಳಿಸಿದೆ."

"ಹಾಗಾದ್ರೆ ಮಾಲೂರು ಪಾಸ್ ಅಂತ ಹಾಕ್ಕೊಳ್ಳಿ."

ಹೊಸ ಸ್ವಿಚ್ ಕಳಿಸಿ, ಯಾವ ಕಾರಣಕ್ಕೂ ನೀರು ತಾಗಿಸಬಾರದು ಎಂದು ಸೂಪರ್‌ವೈಸರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಮಾರನೆಯ ದಿನ ಅವರೇ ಫೋನ್ ಮಾಡಿದರು. "ಮತ್ತೆ ಬಿಸಿ ಅಂತ ಬಂತು ಸಾರ್. ನೀವೇನೂ ಯೋಚನೆ ಮಾಡ್ಬೇಡಿ. ಈ ಸಲ ಒಣ ಗೋಣಿ ಹಾಕಿದ್ದೀವಿ."

೩. ಹೂಂ ಅಂದವರ ಊಟ

ಒಂದು ಪೋರ್ಟನ್ನು ಪೋರ್ಟ್‌ಗಳ ಯಾವುದಾದರೂ ಗುಂಪಿಗೆ ಸೇರಿಸುವ ಮುಂಚೆ ಸಿಸ್ಟಮ್ ಸಂಬಂಧಪಟ್ಟವರನ್ನೆಲ್ಲ, ಎಂದರೆ ಬೇರೆ ಬೇರೆ ಪ್ರೋಗ್ರಾಮುಗಳನ್ನು, ಸಾಲಾಗಿ ಕೇಳುತ್ತದೆ: ಸೇರಿಸಲಾ? ಎಲ್ಲರೂ ಹೂಂ ಎಂದರೆ ಸರಿ. ಒಬ್ಬರು ಬೇಡ ಎಂದರೂ ಕೆಲಸ ನಿಂತಿತು. ಈ ಭಾಗವನ್ನು ಬರೆದು ಮುಗಿಸಿ, ಬೇಕರಿಯಿಂದ ಬನ್ ತರಿಸಿಕೊಂಡು ಕೂತಿದ್ದೆ. ಸಹೋದ್ಯೋಗಿ ನನ್ನ ಬರಹದ ಮೇಲೆ ಬೆರಳಿಟ್ಟರು.

"ನಾಲ್ಕನೆಯವರು ಬೇಡ ಅಂದ್ರು ಅಂದ್ಕೊಳ್ಳಿ. ಮೊದಲನೇ ಮೂವರು ಆಗ್ಲೇ ಹೂಂ ಅಂದು ತಯಾರಾಗಿರ್ತಾರಲ್ಲ, ಅವರಿಗೆ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಕೆಲಸವೇ ನಿಂತುಹೋಯ್ತಲ್ಲ."

"ಅಯ್ಯೋ, ಹಂಗಾದ್ರೆ ಅವರು ಊಟಕ್ಕೆ ಬಂದ್ಬಿಡ್ತಾರೆ ಸಾರ್!"

ವಿಷಯ ಏನೆಂದರೆ, ಅವರ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ ಮುಳಬಾಗಿಲಿನಲ್ಲಿ ಗೊತ್ತಾಗಿತ್ತು. ಕುರುಡುಮಲೆ ಗಣಪನಿಗೆ ಪೂಜೆಯೂ ಮುಗಿದಿತ್ತು. ನೆಂಟರನ್ನೆಲ್ಲ ಸಾಲಾಗಿ ಕೇಳಿಕೊಂಡು ಬಂದರು, ಎಲ್ಲರೂ ಒಪ್ಪಿದರು. ಕೊನೆಗೆ ಆವನಿಯಲ್ಲಿದ್ದ ದೊಡ್ಡಪ್ಪ, "ನನ್ನನ್ನ ಕೊನೇಗೆ ಕೇಳ್ತೀರೇನ್ಲಾ?" ಎಂದು ಬೇಡ ಅಂದುಬಿಟ್ಟರು. ನಿಶ್ಚಿತಾರ್ಥ ನಿಂತಿತು. ಮೊದಲೇ ಹೂಂ ಅಂದಿದ್ದ ಶ್ರೀನಿವಾಸಪುರದ ನೆಂಟರಿಗೆ ತಿಳಿಸಲು ಯಾರಿಗೂ ಹೊಳೆಯಲಿಲ್ಲ. ಅವರು ಟೆಂಪೊ ಮಾಡಿಕೊಂಡು, ರೇಷ್ಮೆ ಸೀರೆ ಉಟ್ಟುಕೊಂಡು, ಒಂದು ಬುಟ್ಟಿ ಮಾವಿನ ಹಣ್ಣಿನ ಸಮೇತ ಬಂದಿಳಿದರು.

"ಆಮೇಲೆ?"

"ಆಮೇಲೇನು, ನಮ್ಮಮ್ಮ ಅನ್ನಕ್ಕಿಟ್ರು. ಹೆಂಗೂ ಬಂದೋರೆ ಅಂತ ಆವನಿಯಿಂದ ದೊಡ್ಡಪ್ಪನೂ ಊಟಕ್ಕೆ ಬಂದ್ರು."

ಬನ್ ಅರ್ಧಕ್ಕೆ ಬಿಟ್ಟು, ಹೂಂ ಅಂದವರಿಗೆಲ್ಲ ಹಿಂದಿನಿಂದ ಮುಂದಕ್ಕೆ 'ರದ್ದಾಗಿದೆ' ಎಂದು ತಿಳಿಸುವ ಸಾಲುಗಳನ್ನು ಸೇರಿಸಿದೆ. ಅದರ ಮೇಲೆ ವಿವರಣೆಯ ಟಿಪ್ಪಣಿಯನ್ನು ಸಹೋದ್ಯೋಗಿ ಬರೆದರು. ಬೆಂಗಳೂರಿನವರು ಈಗಲೂ ಅದರ ಅರ್ಥ ಕೇಳುತ್ತಿರುತ್ತಾರೆ: 'ಊಟ ಇಲ್ಲ ಅಂತ ಹೇಳಿ ಕಳಿಸುವುದು.'

೪. ಸಂತಾಪ

ಶ್ರೀನಿವಾಸಪುರದಲ್ಲಿ ಮಾವಿನ ತಿರುಳು ತೆಗೆಯುವ ಕಾರ್ಖಾನೆ. ಅಲ್ಲಿನವರು, ಒಬ್ಬರಿಗೇ ಮೆಸೇಜ್ ಬಂದರೆ ಉಳಿದವರಿಗೆ ಬೇಜಾರಾಗುತ್ತದೆ ಎಂದು, ಎಲ್ಲ ನೌಕರರೂ ಇರುವ ಫೋನಿನ ಗುಂಪಿಗೇ ನಮ್ಮ ಸ್ವಿಚ್ಚನ್ನು ಸೇರಿಸಿಕೊಂಡರು. ಗುಂಪಿನಲ್ಲಿ ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಹುಟ್ಟುಹಬ್ಬ, ಸಂಜೆ ಯಾರದಾದರೂ ತಿಥಿ. ಅದರ ನಡುವೆ ಒಂದು ದಿನ ಸ್ವಿಚ್‌ನಿಂದ ಮೆಸೇಜ್ ಬಂತು: 'ಮೂರನೇ ಪೋರ್ಟ್ ಸ್ಥಗಿತಗೊಂಡಿದೆ.'

ಅಲ್ಲಿನ ಹಿರಿಯ ಅಕೌಂಟೆಂಟ್ ಕನ್ನಡಕ ಹಾಕಿಕೊಳ್ಳದೆ ಫೋನ್ ನೋಡುವವರು. ಮೆಸೇಜ್ ಗಿಡ್ಡವಾಗಿದ್ದು ಹೂವಿನ ಚಿತ್ರ ಇಲ್ಲದಿದ್ದರೆ ಅದು ಕೆಟ್ಟ ಸುದ್ದಿ ಎಂಬುದು ಅವರ ಅನುಭವ. 'ಓಂ ಶಾಂತಿ' ಎಂದು ಹಾಕಿದರು. ಹಿರಿಯರು ಹಾಕಿದ ಮೇಲೆ ಕಿರಿಯರು ಸುಮ್ಮನಿರಲಾಗುತ್ತದೆಯೇ? ಗುಂಪಿನ ತುಂಬ ಓಂ ಶಾಂತಿ. 'ಬಹಳ ಒಳ್ಳೆಯವರಿದ್ದರು,' ಎಂದು ಒಬ್ಬರು. 'ಎಪ್ಪುಡು ಜರಿಗಿಂದಿ?' ಎಂದು ತೆಲುಗಿನಲ್ಲಿ ಇನ್ನೊಬ್ಬರು. ಯಾವಾಗ ಆಯಿತು ಎಂದು. 'ಮೊನ್ನೆ ತಾನೆ ಮಾತಾಡಿಸಿದ್ದೆ,' ಎಂದು ಮತ್ತೊಬ್ಬರು. 'ಮಣ್ಣು ಮಾಡೋದು ಎಷ್ಟು ಹೊತ್ತಿಗೆ?' ಎಂದು ಪ್ಯಾಕಿಂಗ್ ವಿಭಾಗದವರು.

ಅಷ್ಟರಲ್ಲಿ ಯಾರೋ ಕೇಬಲ್ ಸರಿ ಮಾಡಿದರು. ನಾನೇ ಬರೆದಿಟ್ಟಿದ್ದ ಮೆಸೇಜ್ ತಾನಾಗಿಯೇ ಹೋಯಿತು: 'ಮೂರನೇ ಪೋರ್ಟ್ ಮತ್ತೆ ಕೆಲಸಕ್ಕೆ ಹಾಜರಾಗಿದೆ.'

ಕೊನೆಗೆ ಅಕೌಂಟೆಂಟೇ ಧೈರ್ಯ ಮಾಡಿ, 'ಹಾರ್ದಿಕ ಅಭಿನಂದನೆಗಳು' ಎಂದು ಹಾಕಿದರು.

"ಗಿರಾಕಿಗಳು ಮೆಸೇಜ್ ಓದಿದ್ದಕ್ಕೆ ಪುರಾವೆ ಇದೆಯಾ?" ಎಂದರು ಮ್ಯಾನೇಜರ್. ಎಲ್ಲರೂ ಉತ್ತರ ಕೊಟ್ಟಿದ್ದಾರೆ ಎಂದೆ. ಶ್ರೀನಿವಾಸಪುರವೂ ಪಾಸಾಯಿತು.

೫. ಮತ್ತೆ ಏಳನೇ ಪೋರ್ಟ್

ಉಳಿದದ್ದು ಕೋಲಾರದ ಮಂಡಿ, ಅದರ ಸಹಿ. ಮ್ಯಾನೇಜರ್ ಖುದ್ದಾಗಿ ಬರುವ ಹಿಂದಿನ ದಿನ ಮಂಡಿಯ ಮಾಲೀಕರು ಫೋನ್ ಮಾಡಿದರು.

"ನಿಮ್ಮ ಡಬ್ಬಿ ಕಿವುಡಾಗೈತೆ. ನಾನು ಸಹಿ ಹಾಕಲ್ಲ."

ಟೊಮೇಟೊ ಬಾಕ್ಸುಗಳ ನಡುವೆ ದಾರಿ ಮಾಡಿಕೊಂಡು ಮಂಡಿಗೆ ಓಡಿದೆ. ಮಾಲೀಕರು ಮೊಣಕಾಲು ನೋವಿನವರು. ಮಹಡಿಯ ಕೋಣೆಯಲ್ಲೇ ಇರುತ್ತಾರೆ. ಕೆಳಗೆ ಗುಮಾಸ್ತರು. ನನ್ನನ್ನು ನೋಡಿ ಅವರು ಮುಖ ಸಣ್ಣದು ಮಾಡಿಕೊಂಡು ಏಳನೇ ಪೋರ್ಟಿನ ಕೇಬಲ್ ಹಿಡಿದು ತೋರಿಸಿದರು.

"ಮುಂಚೆ ಎಷ್ಟು ಚೆನ್ನಾಗಿತ್ತು ಸಾರ್. ಹರಾಜಿನ ಗಲಾಟೇಲಿ ಕೂಗಿದ್ರೆ ಮೇಲಕ್ಕೆ ಕೇಳ್ಸಲ್ಲ. ಫೋನ್ ಮಾಡಿದ್ರೆ ಸಾಹುಕಾರ್ರು ಎತ್ತಲ್ಲ. ಆದ್ರೆ ಈ ವೈರು ಕಿತ್ತು ಹಾಕಿದ್ರೆ ಅವರ ಫೋನು ಠಣ್ ಅಂತಿತ್ತು. ಒಂದು ಠಣ್ ಅಂದ್ರೆ ಲಾರಿ ಬಂದೈತೆ. ಎರಡು ಅಂದ್ರೆ ಗಿರಾಕಿ ಬಂದವ್ರೆ, ಟೀ ಇಳಿಸಿ."

"ಮೂರು?"

ಗುಮಾಸ್ತರು ಆಚೀಚೆ ನೋಡಿ ದನಿ ತಗ್ಗಿಸಿದರು. "ಷಡ್ಡಕ ಬಂದವ್ರೆ. ಇನ್ಶೂರೆನ್ಸ್ ಮಾಡಿಸಿ ಅಂತ ಕೂತ್ಕೊಂಡ್ರೆ ಏಳಲ್ಲ. ಸಾಹುಕಾರ್ರು ಹಿಂದಿನ ಮೆಟ್ಟಿಲಲ್ಲಿ ಇಳಿದು ಹೋಗ್ಬೇಕು."

ಇಷ್ಟು ದಿನ ನನ್ನ ಡ್ರೈವರ್ ಸುಳ್ಳು ಹೇಳಿರಲಿಲ್ಲ. ಒಂದು ಸಂಸಾರವನ್ನು ಕಾಪಾಡುತ್ತಿತ್ತು. ಮೂರು ಸೆಕೆಂಡಿನ ಮೌನ ತಂದು ನಾನೇ ಅದನ್ನು ಕೆಡಿಸಿದ್ದೆ. ಸಹೋದ್ಯೋಗಿ ಫೋನಿನಲ್ಲೇ ಉಪಾಯ ಹೇಳಿದರು: ಉಳಿದ ಪೋರ್ಟ್‌ಗಳಿಗೆ ಮೌನ ಇರಲಿ, ಏಳಕ್ಕೆ ಮಾತ್ರ ತೆಗೆಯಿರಿ. ತೆಗೆದೆ. ಸಂಜೆ ಗುಮಾಸ್ತರು ಒಮ್ಮೆ ಕಿತ್ತು ನೋಡಿದರು. ಮೇಲಿನಿಂದ "ಯಾವ ಲಾರಿ?" ಎಂದು ಸಂತೋಷದ ದನಿ ಬಂತು. ಸಹಿ ಗ್ಯಾರಂಟಿ ಎಂದುಕೊಂಡೆವು.

ಮಾರನೆಯ ದಿನ ಮ್ಯಾನೇಜರ್ ಮಂಡಿಗೆ ಬಂದರು. "ಯಾವುದಾದ್ರೂ ಒಂದು ಪೋರ್ಟ್ ಕಿತ್ತು ನೋಡೋಣ," ಎಂದರು.

"ಎರಡನೇದು ನೋಡಿ ಸಾರ್. ಚೆನ್ನಾಗಿದೆ."

"ಏಳನೇದು ತಾನೆ ತಂಟೆ ಮಾಡ್ತಿದ್ದದ್ದು? ಅದನ್ನೇ ನೋಡೋಣ."

ಕಿತ್ತು ಹಾಕಿದರು. ಮೇಲೆ ಠಣ್. "ಯಾವ ಲಾರಿ?" ಎಂದು ಮಾಲೀಕರು ಕೂಗಿದರು.

"ಒಂದು ಸೆಕೆಂಡೂ ಆಗಿಲ್ಲ," ಎಂದು ಮ್ಯಾನೇಜರ್ ಮೆಚ್ಚಿಕೊಂಡು, ಬೇಗ ಬೇಗ ಎರಡು ಸಲ ಕಿತ್ತು ಹಾಕಿದರು. ಕಿಟಕಿಯಿಂದ ಹಗ್ಗ ಕಟ್ಟಿದ ಫ್ಲಾಸ್ಕ್ ಇಳಿದು ಬಂತು. "ಎಷ್ಟು ಒಳ್ಳೆ ಜನಾರೀ," ಎಂದು ಟೀ ಬಗ್ಗಿಸಿಕೊಂಡರು. ನಾನು ಗುಮಾಸ್ತರ ಮುಖ ನೋಡಿದೆ. ಅವರು ಫ್ಲಾಸ್ಕಿನ ಮುಖ ನೋಡಿದರು.

"ಸಾಕು ಸಾರ್," ಎಂದೆ.

"ಎಂಜಿನಿಯರಿಂಗ್‌ನಲ್ಲಿ ಸಾಕು ಅನ್ನೋದಿಲ್ಲ," ಎಂದು ಮ್ಯಾನೇಜರ್ ಮೂರು ಸಲ ಕಿತ್ತು ಹಾಕಿದರು.

ಮೇಲೆ ಕುರ್ಚಿ ಎಳೆದ ಸದ್ದು. ಹಿಂದಿನ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ಮೊಣಕಾಲು ನೋವಿನವರದು ಅನಿಸುವಂತಿರಲಿಲ್ಲ.

ಸಹಿಗೆಂದು ಮೇಲೆ ಹೋದ ಮ್ಯಾನೇಜರ್ ಕೆಳಗೆ ಬಂದು, "ಮಾಲೀಕರಿಲ್ಲ. ಗಿರಾಕಿ ಓಡಿಹೋದರು ಅಂತ ರಿಪೋರ್ಟ್ ಬರೀಲಾ?" ಎಂದರು. ನನ್ನ ಕಣ್ಣ ಮುಂದೆ ಬೆಳಗಿನ ರೈಲು ಹಾದುಹೋಯಿತು, ನಿಲ್ಲಲೂ ಜಾಗವಿರಲಿಲ್ಲ. ಷಡ್ಡಕರ ವಿಷಯವನ್ನು ಆಪರೇಟಿಂಗ್ ಸಿಸ್ಟಮ್‌ನ ಭಾಷೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಗುಮಾಸ್ತರು ಮೆಲ್ಲಗೆ ಮುಂದೆ ಬಂದು ಏಳನೇ ಪೋರ್ಟಿನ ಕೇಬಲನ್ನು ಒಂದೇ ಒಂದು ಸಲ ಕಿತ್ತು ಹಾಕಿದರು.

ಸ್ವಲ್ಪ ಹೊತ್ತಿಗೆ ಮಾಲೀಕರು ಏದುಸಿರು ಬಿಡುತ್ತಾ ಮುಂಬಾಗಿಲಿನಿಂದ ಬಂದರು. "ಯಾವ ಲಾರಿ? ಅವನು ಹೋದ್ನಾ?"

"ಯಾರು ಹೋದ್ರು?" ಎಂದರು ಮ್ಯಾನೇಜರ್.

ಮಾಲೀಕರು ಅವರ ಕೈಯಲ್ಲಿದ್ದ ಟೀ ಲೋಟ ನೋಡಿದರು, ಕೇಬಲ್ ನೋಡಿದರು, ಅರ್ಥ ಮಾಡಿಕೊಂಡರು. "ನೀವಾ ಎಳೆದಿದ್ದು? ಏನ್ ಸಾರ್, ಓದಿರೋರು ನೀವು, ಸುಮ್‌ಸುಮ್ನೆ ಮೂರು ಸಲ ಎಳೀತಾರಾ? ಬಸ್ ಸ್ಟ್ಯಾಂಡ್ ದಾಟಿಬಿಟ್ಟಿದ್ದೆ!"

"ಬಸ್ ಸ್ಟ್ಯಾಂಡ್ ಹತ್ರನೂ ಮೆಸೇಜ್ ಬಂತಾ?" ಎಂದರು ಮ್ಯಾನೇಜರ್. ಅವರಿಗೆ ಬೇಕಾದದ್ದು ಅಷ್ಟೆ.

ಮಾಲೀಕರು ಟೊಮೇಟೊ ಬಾಕ್ಸಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಕೋಲಾರದ ಕಚೇರಿ ಬೇಕರಿಯ ಮೇಲೆಯೇ ಇದೆ. ಏಳನೇ ಪೋರ್ಟಿನ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಒಂದು ಪ್ರಿಂಟರ್ ಇದೆ. ಅದರ ಇಂಕ್ ಮುಗಿದು ಬಹಳ ಕಾಲವಾಗಿದೆ.