ಇದ್ದಿಲಿನ ಚಿತ್ರವೂ ನನ್ನ ಹೊಟ್ಟೆಕಿಚ್ಚೂ

ಬದುಕಿರುವವರ ಮೇಲೆ ಹೊಟ್ಟೆಕಿಚ್ಚು ಪಡುವುದು ಲೋಕರೂಢಿ. ನಾನು ಮಾತ್ರ ಎಂದೋ ಸತ್ತುಹೋದ, ಯಾವ ದೇಶದವನೆಂದೂ ಸರಿಯಾಗಿ ಗೊತ್ತಿಲ್ಲದ ಚಿತ್ರಕಾರನೊಬ್ಬನ ಮೇಲೆ ಹೊಟ್ಟೆ ಉರಿದುಕೊಂಡವನು. ಪಾಂಡವಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಇಪ್ಪತ್ತು ವರ್ಷ ಸವೆಸಿದವನಿಗೆ ಇದು ಶೋಭಿಸುವ ಮಾತಲ್ಲ, ಆದರೂ ಹೇಳಿಬಿಡುತ್ತೇನೆ.

ಬಾಬುರಾಯನಕೊಪ್ಪಲಿನ ನನ್ನ ಷಡ್ಡಕ ತನ್ನ ಹೊಸ ಮನೆಯ ಗೋಡೆಗೆ ಒಂದು ಚಿತ್ರ ತಂದು ಹಾಕಿದ. ಆಧುನಿಕ ಕಲೆ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದ ಕಲಾವಿದನ ಇದ್ದಿಲಿನ ಚಿತ್ರದ ಪ್ರತಿ. ಗಾಜು, ಕಟ್ಟು ಎಲ್ಲ ಭರ್ಜರಿ. ಮರವಿಲ್ಲ, ಮನುಷ್ಯನಿಲ್ಲ. ಮುಕ್ಕಾಲು ಪಾಲು ಕಪ್ಪು, ಮೂಲೆಯಲ್ಲಿ ಎರಡು ಗೆರೆ ಬಾಗಿಕೊಂಡು ಎಲ್ಲಿಗೋ ಹೊರಟಿವೆ. ನಿಜ ಹೇಳಬೇಕೆಂದರೆ ಗೆರೆಗಳು ಚೆನ್ನಾಗಿದ್ದವು. ಅದೇ ನನಗೆ ಸಹಿಸಲಾಗದ್ದು. ಅದಕ್ಕಿಂತ ಸಹಿಸಲಾಗದ್ದು, ನನ್ನ ಹೆಂಡತಿ ಜಯಮ್ಮ ಅದರ ಮುಂದೆ ಹತ್ತು ನಿಮಿಷ ನಿಂತದ್ದು. ಕತ್ತನ್ನು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು, ಒಂದು ಹೆಜ್ಜೆ ಹಿಂದೆ ಸರಿದು ಮುಗುಳ್ನಕ್ಕಳು. ನಾನು ಬರೆದ ಕರಿಘಟ್ಟ ಬೆಟ್ಟದ ಚಿತ್ರವನ್ನು "ಚೆಂದಾಗದೆ, ಸೌತೇಕಾಯ್ ತಂದ್ರಾ?" ಎಂದು ಒಂದೇ ಉಸಿರಿನಲ್ಲಿ ಮುಗಿಸಿದ್ದವಳು!

ಇದ್ದಿಲೆಂದರೆ ನಮ್ಮ ಮನೆತನದ ಸೊತ್ತು. ನಮ್ಮಪ್ಪ ನಾಗಮಂಗಲದ ಅಕ್ಕಸಾಲಿ. ಇದ್ದಿಲ ಕೆಂಡದ ಮುಂದೆ ಊದುಗೊಳವೆ ಹಿಡಿದೇ ನಮ್ಮನ್ನು ಸಾಕಿದವರು. ಅವರ ಅಂಗಡಿಯಿಂದ ಒಂದು ಚೀಲ ಇದ್ದಿಲು ತಂದು ವಾರವಿಡೀ ಗೀಚಿದೆ. ಮೂಗಿನ ಹೊಳ್ಳೆಯೂ ಕಪ್ಪಾಯಿತು. ಜಯಮ್ಮ ಬಾಗಿಲಲ್ಲೇ ನಿಂತು, "ಅಂಗಿ ಒಗ್ಯೋಳು ನಾನ್ ತಾನೆ?" ಎಂದಳಷ್ಟೆ. ತಡೆಯಲಾರದೆ ಕೇಳಿಯೇಬಿಟ್ಟೆ: "ಕೊಪ್ಪಲಿನ ಮನೆಯ ಆ ಚಿತ್ರದಲ್ಲಿ ಅಂಥದ್ದೇನು ಕಂಡೆ?"

"ಯಾವ್ ಚಿತ್ರ? ಅಯ್ಯೋ, ಆ ಗಾಜಲ್ಲಿ ನನ್ ಕಿವಿ ವಾಲೆ ನೋಡ್ಕೊತಿದ್ದೆ ಕಣ್ರೀ. ಮಾವ ಮಾಡ್ಕೊಟ್ರಲ್ಲ, ಅವು. ಗಾಜಿನ್ ಇಂದ್ಗಡೆ ಕಪ್ಪಿತ್ತಲ್ಲ, ಎಷ್ಟ್ ಚೆಂದಾಗ್ ಕಾಣ್ತಿದ್ವು!"

ಸತ್ತವನ ಮೇಲಿನ ಕಿಚ್ಚು ಆರಿತು. ಅಪ್ಪನ ಮೇಲೆ ಹತ್ತಿಕೊಂಡಿತು. ಉಳಿದ ಇದ್ದಿಲನ್ನೆಲ್ಲ ಒಂದೇ ಹಾಳೆಗೆ ಬಳಿದು, ಮೂಲೆಯಲ್ಲಿ ಮರ್ಯಾದೆಗೆ ಎರಡು ಗೆರೆ ಬಿಟ್ಟು, ಗಾಜು ಹಾಕಿಸಿ ತೂಗುಹಾಕಿದೆ. ಜಯಮ್ಮ ದಿನಕ್ಕೆರಡು ಸಲ ಅದರ ಮುಂದೆ ನಿಲ್ಲತೊಡಗಿದಳು. ಏನು ನೋಡುತ್ತಿದ್ದೀಯೆಂದು ಕೇಳುವ ತಪ್ಪನ್ನು ಮತ್ತೆ ಮಾಡಲಿಲ್ಲ.

ಹೋದ ವಾರ ಅಪ್ಪ ಬಂದರು. ಕನ್ನಡಕ ಏರಿಸಿ ನೋಡಿದರು. "ಎಷ್ಟ್ ಇದ್ಲು ಸುರ್ದಿದ್ದೀಯಲಾ ಇದ್ಕೆ?"

"ಗೀಚಿ ಎಸೆದದ್ದೂ ಸೇರಿ ಒಂದು ಚೀಲ."

"ಥೂ ನಿನ್ನ! ಅಷ್ಟ್ರಲ್ಲಿ ನನ್ ಸೊಸೆಗೆ ಇನ್ನೊಂದ್ ಜೊತೆ ವಾಲೆ ಮಾಡ್ಬುಡ್ತಿದ್ನಲ್ಲಾ!"

ಜಯಮ್ಮ ಚಿತ್ರದ ಹತ್ತಿರ ಬಂದಳು. ಈ ಸಲ ಗಾಜನ್ನಲ್ಲ, ನಾನು ಬಳಿದ ಇದ್ದಿಲನ್ನೇ ಮೂಲೆಯಿಂದ ಮೂಲೆಗೆ ನೋಡಿದಳು. ಹತ್ತು ನಿಮಿಷಕ್ಕೆ ಕಮ್ಮಿಯಿಲ್ಲ.