ಕುಳ್ಳಗುಮ್ಮನ ಆಹಾರ ವಿಹಾರ

ಓದು ತಲೆಗೇರಿದವನಿಗೆ ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವುದಕ್ಕಿಂತ ತಿದ್ದುವುದರಲ್ಲೇ ಹೆಚ್ಚು ಸುಖ. ನನಗಂತೂ ಅದು ಚಟವಾಗಿತ್ತು. ಮಹಾರಾಜರ ಕಾಲದಲ್ಲಿ ರಾವಂದೂರಿನ ಶಾಲೆಗೆ ಮೇಷ್ಟರಾಗಿ ಬಂದಿದ್ದೆ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನನ್ನ ಹೆಂಡತಿ ದಿನಕ್ಕೆರಡು ಸಲ, "ವರ್ಗ ಯಾವಾಗ?" ಎನ್ನುತ್ತಿದ್ದಳು, ಎರಡನೆಯ ಸಲ ಕಣ್ಣಲ್ಲಿ ನೀರಿರುತ್ತಿತ್ತು. ವರ್ಗ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರ ಕೈಯಲ್ಲಿತ್ತು. ಅವರಿಗೆ ದೆವ್ವ, ಗುಮ್ಮಗಳ ಸಂಶೋಧನೆಯೆಂದರೆ ಪ್ರಾಣ. ಹಾಗಾಗಿ ನಾನೂ ಸಂಶೋಧಕನಾದೆ.

ನಮಗೆ ಹಾಲು ಹಾಕುತ್ತಿದ್ದ ಕೆಂಪಮ್ಮ ಊರಿನ ಕುಳ್ಳಗುಮ್ಮನನ್ನು ಚೆನ್ನಾಗಿ ಬಲ್ಲವಳು. "ಮೊಣಕಾಲುದ್ದ ಅದೆ ಕಣ್ ಮೇಷ್ಟ್ರೇ. ಆಲು ಕದೀತದೆ, ಅಲ್ಲು ಕಡೀತದೆ" ಎಂದಳು. ನಾನು ಹಾಲು, ಹಲ್ಲು ಎಂದು ತಿದ್ದಿ ಬರೆದುಕೊಂಡೆ. ಈ ಸೀಮೆಯವರು ನುಂಗಿದ ಹಕಾರಗಳನ್ನೆಲ್ಲ ವಾಪಸು ಕೊಡಿಸುವುದು ನನ್ನ ಕರ್ತವ್ಯವೆನಿಸಿತು. "ಅತ್ತಿ ಮರ್ದಲ್ಲಿ ಇರ್ತದೆ" ಎಂದಳು. ಹತ್ತಿ ಮರ ಎಂದು ಬರೆದೆ. ಹತ್ತಿ ಗಿಡವಲ್ಲವೆ ಎಂಬ ಅನುಮಾನ ಬಂತು. ಅಷ್ಟು ಕುಳ್ಳಗಿರುವ ಗುಮ್ಮನಿಗೆ ಗಿಡವೇ ಮರ ಎಂದು ಅಡಿಟಿಪ್ಪಣಿ ಹಾಕಿದೆ. "ಅಕ್ಕಿ ಇಕ್ಕಿದ್ರೆ ಸುಮ್ಕಾಯ್ತದೆ" ಎಂದಳು. ಹಕ್ಕಿ ಎಂದು ಬರೆದು, ಬೇಯಿಸಿಯೋ ಹಸಿಯಾಗಿಯೋ ಎಂಬ ಚರ್ಚೆಗೆ ಎರಡು ಪುಟ ಮೀಸಲಿಟ್ಟೆ. "ಆಡು ಅಂದ್ರೆ ಮಾತ್ರ ಎದ್ನೋ ಬಿದ್ನೋ ಅಂತ ಓಡೋಯ್ತದೆ" ಎಂದಾಗ 'ಗುಮ್ಮನ ಸಂಗೀತದ್ವೇಷ' ಎಂಬ ಅಧ್ಯಾಯವೇ ಸಿದ್ಧವಾಯಿತು.

ನಾನು ಕಳಿಸಿದ ಸಂಶೋಧನೆ ಓದಿ ಹಿಗ್ಗಿದ ಸಾಹೇಬರು ಒಂದು ಮಧ್ಯಾಹ್ನ ಬಂದೇಬಿಟ್ಟರು. "ಗುಮ್ಮನ್ನ ಓಡಿಸೋ ಹಾಡು ಹಾಡಿ, ಕೇಳೋಣ" ಎಂದರು. ಅದು ಯಾವ ಹಾಡೆಂದು ನಾನು ಕೇಳಿರಲೇ ಇಲ್ಲ. ಮೈಸೂರನ್ನು ನೆನೆದು, ಕಣ್ಣು ಮುಚ್ಚಿ, ಬಾಯಿಗೆ ಬಂದ ಆಲಾಪ ಎತ್ತಿದೆ. ಕೆಂಪಮ್ಮ ಚೊಂಬು ಹಿಡಿದೇ ಓಡಿಬಂದಳು.

"ಯಾಕ್ ಮೇಷ್ಟ್ರೇ, ಒಟ್ಟೆನೋವಾ?"

"ಗುಮ್ಮನ್ನ ಓಡಿಸೋ ಹಾಡಮ್ಮ! ನೀನೇ ಹೇಳಿದ್ದಲ್ಲ!"

"ಅಯ್ಯೋ, ಆಡು ಕಣ್ರೀ! ಮ್ಯಾ ಅಂತದಲ್ಲ, ಆ ಆಡು!"

ನನ್ನ ಹತ್ತಿ, ಹಕ್ಕಿಗಳ ಗತಿಯೂ ಆಗಲೇ ಹೊಳೆಯಿತು. ಸಾಹೇಬರು ಗಂಭೀರವಾಗಿ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನೀವು ಹಾಡಿದಾಗ ನನಗೂ ಆಡು ಅಂತಲೇ ಅನ್ನಿಸಿತು" ಎಂದರು.

ವರ್ಗವೇನೋ ಆಯಿತು, ಕಾಡು ಮತ್ತು ಚಳಿಜ್ವರಕ್ಕೆ ಹೆಸರಾದ ಹೆಗ್ಗಡದೇವನಕೋಟೆಗೆ. 'ಅಲ್ಲಿ ಗುಮ್ಮಗಳು ಹೆಚ್ಚು' ಎಂದು ಸಾಹೇಬರ ಷರಾ ಬೇರೆ. ಆದೇಶ ಹಿಡಿದು ಮನೆಗೆ ಬಂದಾಗ ಹೆಂಡತಿ ಆಸೆಯಿಂದ, "ಎಲ್ಲಿಗೆ?" ಎಂದಳು.

"ಎಗ್ಗಡದೇವನಕೋಟೆಗೆ" ಎಂದೆ. ಹಕಾರ ಬಾಯಿಂದ ಹೊರಡಲೇ ಇಲ್ಲ. ಅವಳ ಮುಖ ನೋಡಿದ ಮೇಲೆ ತಿದ್ದುವ ಧೈರ್ಯವೂ ಬರಲಿಲ್ಲ.