ಸ್ವಾಗತ, ಅಬ್ದುಲ್ ರಝಾಕ್

ನನ್ನದೊಂದು ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. "ಎಲ್ಲರೂ ಮಾಡಿದ್ದಾರೆ, ನೀವೂ ಮಾಡಿ" ಎಂದು ಯಾರಾದರೂ ಅಂದರೆ ಸಾಕು, ಆ ಕೆಲಸ ಅಲ್ಲಿಂದ ಮುಂದೆ ನನ್ನ ಕೈಯಿಂದ ಆಗುವುದಿಲ್ಲ. ನಮ್ಮ ಇಗರ್ಜಿಯ ಹಬ್ಬಕ್ಕೆ ವಾರ್ಡಿನ ಹೆಂಗಸರೆಲ್ಲ ತಿಳಿನೀಲಿ ಸೀರೆ ಉಡಬೇಕೆಂದು ತೀರ್ಮಾನವಾದ ವರ್ಷ ನಾನು ಕೆಂಪು ಸೀರೆ ಉಟ್ಟು ಹೋಗಿದ್ದೆ. ಆ ಫೋಟೋ ಈಗಲೂ ಸಭಾಭವನದ ಗೋಡೆಯಲ್ಲಿ ಉಂಟು. ಅದರಲ್ಲಿ ನಾನು ಸಮುದ್ರದ ನಡುವೆ ನೆಟ್ಟ ಅಂಚೆಪೆಟ್ಟಿಗೆಯ ಹಾಗೆ ಕಾಣುತ್ತೇನೆ. ನನಗೇನೂ ನಾಚಿಕೆಯಿಲ್ಲ. ನನ್ನ ಗಂಡ ವಲೇರಿಯನ್ ಮಾತ್ರ ಆ ಗೋಡೆಗೆ ಬೆನ್ನು ಹಾಕಿ ಕುಳಿತೇ ಊಟ ಮಾಡುತ್ತಾರೆ.

ಇಂಥ ನನಗೆ ದೇವರು ಕೊಟ್ಟ ಉದ್ಯೋಗ, ಬೇರೆಯವರು ಹೇಳಿದ್ದನ್ನು ಮಾಡಿಕೊಡುವುದು. ಮೊದಲು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಈಗ ಮಂಗಳೂರಿನ ಕಂಕನಾಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಣ್ಣಪುಟ್ಟ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಶಾಲೆ ಬಿಟ್ಟರೂ ಹೆಸರು ಬಿಡಲಿಲ್ಲ, ಗಿರಾಕಿಗಳಿಗೆಲ್ಲ ನಾನು ಐರಿನ್ ಟೀಚರ್. ಅವರಲ್ಲಿ ಹಳಬರು ಹಮೀದಾಕ, ಎಂದರೆ ಹಮೀದಣ್ಣ. ಮಾರ್ಕೆಟಿನ ಹತ್ತಿರ ಅವರದ್ದು ಹೆಂಗಸರ ಬಟ್ಟೆಯ ಅಂಗಡಿ. ಚೂಡಿದಾರ್, ನೈಟಿ, ಲೈನಿಂಗ್ ಬಟ್ಟೆ, ಎಲ್ಲ ಸಿಗುತ್ತದೆ. ಮನೆಯಲ್ಲೇ ಕುಳಿತು ಬಟ್ಟೆ ಆರಿಸಿ ತರಿಸಿಕೊಳ್ಳಲು ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಅದಕ್ಕೆ ನಾನು ಇಟ್ಟ ಬಾಗಿಲು ತೀರ ಸರಳ. ನಿಮ್ಮ ಹೆಸರು ಬರೆಯಿರಿ, ಫೋನ್ ನಂಬರ್ ಬರೆಯಿರಿ, ಒಂದು ಪಾಸ್‌ವರ್ಡ್ ಇಟ್ಟುಕೊಳ್ಳಿ, ಒಳಗೆ ಬನ್ನಿ. ನಾನು ಮಾಡಿದ ಕೆಲಸಗಳಲ್ಲೇ ನನಗೆ ಬಹಳ ಮೆಚ್ಚುಗೆಯಾದ ಬಾಗಿಲು ಅದು.

ಒಂದು ದಿನ ಹಮೀದಾಕ ಅಂಗಡಿಗೆ ಕರೆಸಿ ಮೂಸಂಬಿ ಜ್ಯೂಸ್ ತರಿಸಿದರು. ಅವರು ಜ್ಯೂಸ್ ತರಿಸಿದರೆ ಏನೋ ಕಾದಿದೆ ಎಂದೇ ಅರ್ಥ. ದೇರಳಕಟ್ಟೆಯಲ್ಲಿರುವ ಅವರ ತಮ್ಮನ ಅಂಗಡಿಯ ವೆಬ್‌ಸೈಟಿನಲ್ಲಿ ಹೊಸದೊಂದು ಗುಂಡಿ ಬಂದಿದೆಯಂತೆ. ಹೆಸರು ಬರೆಯುವುದು ಬೇಡ, ಪಾಸ್‌ವರ್ಡ್ ನೆನಪಿಡುವುದು ಬೇಡ. "ನಿಮ್ಮ ಸೋಶಿಯಲ್ ಮೀಡಿಯಾ ಖಾತೆಯಿಂದ ಒಳಗೆ ಬನ್ನಿ" ಎಂಬ ಗುಂಡಿ ಒತ್ತಿದರೆ ಆಯಿತು. ನೀವು ಯಾರೆಂದು ಆ ದೊಡ್ಡ ಕಂಪೆನಿಗೆ ಮೊದಲೇ ಗೊತ್ತು, ಅದು ನಮ್ಮ ಅಂಗಡಿಗೆ ನಿಮ್ಮ ಪರಿಚಯ ಹೇಳುತ್ತದೆ. ಎಲ್ಲವನ್ನೂ ವಿವರಿಸಿ ಕೊನೆಗೆ ಹಮೀದಾಕ ಆಡಬಾರದ ಮಾತನ್ನು ಆಡಿದರು. "ಎಲ್ಲರೂ ಹಾಕಿದ್ದಾರೆ ಟೀಚರೇ, ನಮ್ಮದಕ್ಕೂ ಹಾಕಿ."

ನಾನು ಜ್ಯೂಸ್ ಅರ್ಧಕ್ಕೇ ಇಟ್ಟೆ. ನಮ್ಮ ಅಂಗಡಿಗೆ ಬರುವ ಗಿರಾಕಿಯ ಪರಿಚಯವನ್ನು ನಮಗೆ ಹೊರಗಿನವರು ಯಾಕೆ ಹೇಳಬೇಕು, ಕೌಂಟರಿಗೆ ಬಂದ ಹೆಂಗಸಿನ ಹೆಸರನ್ನು ನೀವು ಪಕ್ಕದ ಅಂಗಡಿಯವನನ್ನು ಕೇಳುತ್ತೀರಾ ಎಂದು ವಾದಿಸಿದೆ. ಹಮೀದಾಕ ತಾಳ್ಮೆಯ ಮನುಷ್ಯ. ಪಾಸ್‌ವರ್ಡ್ ಮರೆತ ಹೆಂಗಸರು ಅಂಗಡಿಗೆ ಫೋನ್ ಮಾಡಿ ಬಯ್ಯುವುದನ್ನು ಕೇಳುವವರು ನೀವಲ್ಲ, ನಾನು ಎಂದರು. ಅದು ನಿಜವೇ. ಬೇರೆಯವರ ಮಾತು ನಿಜವಾದಾಗ ನನ್ನ ಸಿಟ್ಟು ಜಾಸ್ತಿಯಾಗುತ್ತದೆ. ಆ ಸಿಟ್ಟಿನಲ್ಲೇ ಜ್ಯೂಸ್ ಮುಗಿಸಿ, ಹಾಕುತ್ತೇನೆ ಎಂದು ಒಪ್ಪಿ ಮನೆಗೆ ಬಂದೆ.

ಈ ಗುಂಡಿಯನ್ನು ಹಾಕುವುದು ನೀವು ಅಂದುಕೊಂಡಷ್ಟು ಸುಲಭವಲ್ಲ. ಮೊದಲು ಆ ಕಂಪೆನಿಗೆ ಅರ್ಜಿ ಹಾಕಿ ನಮ್ಮ ಪರಿಚಯ ನಾವು ಹೇಳಿಕೊಳ್ಳಬೇಕು. ಗಿರಾಕಿಗಳ ಗುಟ್ಟನ್ನು ಹೇಗೆ ಕಾಪಾಡುತ್ತೀರಿ ಎಂದು ಒಂದು ಪುಟ ಬರೆದು ತೋರಿಸಬೇಕು. ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ವೀಡಿಯೋ ಮಾಡಿ ಕಳಿಸಬೇಕು. ಜನರ ಹೆಸರು ಮತ್ತು ಇಮೇಲ್ ವಿಳಾಸ ನಿಮಗೆ ಯಾವ ಉದ್ದೇಶಕ್ಕೆ ಬೇಕು ಎಂದು ಕೇಳಿದರು. ನೈಟಿ ಮಾರಲಿಕ್ಕೆ ಎಂದು ಬರೆದೆ. ಉದ್ದೇಶ ಸ್ಪಷ್ಟವಾಗಿಲ್ಲ ಎಂದು ಅರ್ಜಿ ವಾಪಸು ಬಂತು. ಇದಕ್ಕಿಂತ ಸ್ಪಷ್ಟವಾದ ಉದ್ದೇಶ ಜಗತ್ತಿನಲ್ಲಿ ಯಾವುದಿದೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಂತೂ ಅವರ ಭಾಷೆಯಲ್ಲಿ ಇನ್ನೊಮ್ಮೆ ಬರೆದ ಮೇಲೆ ಒಪ್ಪಿದರು. ಪರೀಕ್ಷೆಗೆಂದೇ ಮಾಡಿದ ಒಂದು ಸುಳ್ಳು ಖಾತೆಯಿಂದ ಒತ್ತಿ ನೋಡಿದೆ, ಬಾಗಿಲು ಸರಾಗವಾಗಿ ತೆರೆಯಿತು. ಹಮೀದಾಕನಿಗೆ ಸಂತೋಷವಾಯಿತು.

ಆಮೇಲೆ ಅಂಗಡಿಯಲ್ಲಿ ವಿಚಿತ್ರ ಶುರುವಾಯಿತು. ಪಾರ್ಸೆಲ್‌ಗಳ ಮೇಲೆ ಬರೀ ಗಂಡಸರ ಹೆಸರು. ಹೂವಿನ ನೈಟಿ, ಅಬ್ದುಲ್ ರಝಾಕ್. ಗುಲಾಬಿ ಚೂಡಿದಾರ್, ರೊನಾಲ್ಡ್. ಮಂಗಳೂರಿನ ಗಂಡಸರಿಗೆ ಹೆಂಡಿರ ಮೇಲೆ ಇದ್ದಕ್ಕಿದ್ದಂತೆ ಇಷ್ಟೊಂದು ಪ್ರೀತಿ ಉಕ್ಕಿತೇ ಎಂದು ನಾನು ಬೆರಗಾದೆ. ಪ್ರೀತಿ ಉಕ್ಕಿದ್ದೇ ಆದರೆ ಪಾರ್ಸೆಲ್‌ಗಳು ವಾಪಸು ಬರಬಾರದಿತ್ತು, ಅವು ಬರುತ್ತಲೇ ಇದ್ದವು. ಮನೆಯ ಬಾಗಿಲಲ್ಲಿ ಡೆಲಿವರಿಯವನು "ರಝಾಕ್ ಇದ್ದಾರಾ" ಎಂದು ಕೇಳುತ್ತಾನೆ, ಅವನು ಸೌದಿಯ ದಮ್ಮಾಮಿನಲ್ಲಿದ್ದಾನೆ ಎಂದು ಅವನ ತಾಯಿ ಹೇಳಿ ಕದ ಹಾಕುತ್ತಾರೆ. ಅಲ್ಲಿಗೆ ನೈಟಿಯ ಪ್ರಯಾಣ ಮುಗಿಯುತ್ತದೆ.

ಕಾರಣ ತಿಳಿದ ಮೇಲೆ ನಾನು ಹಣೆ ಚಚ್ಚಿಕೊಂಡೆ. ನಮ್ಮ ಕರಾವಳಿಯಲ್ಲಿ ಹೆಂಡತಿಯ ಫೋನು ಬರುವುದು ಗಲ್ಫಿನಿಂದ. ರಜೆಯಲ್ಲಿ ಬರುವ ಗಂಡ ಅದನ್ನು ಪೆಟ್ಟಿಗೆಯಲ್ಲಿ ತರುತ್ತಾನೆ. ತರುವ ಮೊದಲೇ ತನ್ನ ಖಾತೆಗಳನ್ನೆಲ್ಲ ಅದರಲ್ಲಿ ಹಾಕಿ, ಮಕ್ಕಳ ಫೋಟೋ ತೆಗೆದರೆ ತನಗೂ ಕಾಣುವ ಹಾಗೆ ಮಾಡಿ, ಸಿದ್ಧ ಅಡುಗೆಯನ್ನು ಬಡಿಸಿದ ಹಾಗೆ ಹೆಂಡತಿಯ ಕೈಗಿಡುತ್ತಾನೆ. ಕಿರಿಸ್ತಾನರು, ಬ್ಯಾರಿಗಳು ಎಂಬ ಭೇದ ಈ ವಿಷಯದಲ್ಲಿ ಇಲ್ಲ. ಇದರಲ್ಲಿ ಕೆಟ್ಟ ಉದ್ದೇಶವೂ ಇಲ್ಲ, ಎಲ್ಲ ಪ್ರೀತಿಯಿಂದಲೇ ಆಗುವಂಥದ್ದು. ಆದರೆ ಫೋನು ಹೆಂಡತಿಯ ಕೈಯಲ್ಲಿದ್ದರೂ ಅದರೊಳಗೆ ಕುಳಿತವನು ಗಂಡ. ಆಕೆ ನನ್ನ ಗುಂಡಿಯನ್ನು ಒತ್ತಿದ ಕೂಡಲೇ ನನ್ನ ವೆಬ್‌ಸೈಟು ಕೈಮುಗಿದು "ಸ್ವಾಗತ, ಅಬ್ದುಲ್ ರಝಾಕ್" ಎನ್ನುತ್ತಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಏನೇನು ತರಿಸಿದ್ದು ಎಂಬ ಪಟ್ಟಿಯನ್ನು ನೇರ ದಮ್ಮಾಮಿಗೆ ಇಮೇಲ್ ಮಾಡುತ್ತಿತ್ತು.

ಇದನ್ನು ನನಗೆ ತಿಳಿಸಿದವಳು ಅದೇ ಅಬ್ದುಲ್ ರಝಾಕನ ಹೆಂಡತಿ ಝುಬೈದಾ. ಬೆಂಗ್ರೆಯಿಂದ ಫೆರಿಯಲ್ಲಿ ಹೊಳೆ ದಾಟಿ, ವಾಪಸಾದ ಪಾರ್ಸೆಲನ್ನು ಹುಡುಕಿಕೊಂಡು ಅಂಗಡಿಗೆ ಬಂದಿದ್ದಳು. ನಾನೂ ಆಗ ಅಲ್ಲೇ ಇದ್ದೆ. ಝುಬೈದಾ ಮನೆಯಲ್ಲಿ ಕುಳಿತು ನೆರೆಯ ಹೆಂಗಸರಿಗೆ ಬಟ್ಟೆ ಹೊಲಿದುಕೊಡುತ್ತಾಳೆ. ಗಂಡನಿಗೆ ಅದು ತಿಳಿದಿರಲಿಲ್ಲ. ಹೆಂಡತಿ ಹೊಲಿಗೆ ಶುರುಮಾಡಿದರೆ, ತನ್ನ ಸಂಪಾದನೆ ಸಾಲುವುದಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ ಎನ್ನುವವನು ಅವನು. ಈಗ ನನ್ನ ಗುಂಡಿಯ ದಯೆಯಿಂದ ಅವನಿಗೆ ಒಂದು ಥಾನು ಲೈನಿಂಗ್ ಬಟ್ಟೆಯ ಸುದ್ದಿ ಹೋಗಿತ್ತು. ಇಷ್ಟು ಬಟ್ಟೆ ಯಾರಿಗೆ ಎಂದು ಫೋನಿನಲ್ಲಿ ಕೇಳಿದನಂತೆ.

ಸುಮ್ಮನೆ ತರಿಸಿದ್ದು, ಕಡಿಮೆಗೆ ಸಿಕ್ಕಿತು ಎಂದೋ, ತಂಗಿಗೆ ಎಂದೋ ಹೇಳಬಹುದಿತ್ತು. ನಾನಾದರೆ ಹಾಗೇ ಹೇಳುತ್ತಿದ್ದೆನೇನೋ. ಝುಬೈದಾ "ನನ್ನ ಗಿರಾಕಿಗಳಿಗೆ" ಎಂದಳಂತೆ. ಆಮೇಲೆ ಅವನು ಕೆಲವು ದಿನ ಫೋನೇ ಮಾಡಲಿಲ್ಲ.

ಮತ್ತೆ ಏನಾಯಿತು ಎಂದು ಕೇಳಿದೆ.

"ಮತ್ತೆ ಅವರೇ ಮಾಡಿದ್ರು. ಮೆಷಿನು ಕಾಲಲ್ಲಿ ತುಳಿಯುವುದಾ, ಮೋಟರಿನದ್ದಾ ಅಂತ ಕೇಳಿದ್ರು. ಈಗ ಅವರಿಗೆ ಗೊತ್ತುಂಟು, ಗುಟ್ಟಿನ ವಿಷಯ ಎಂತ ಇಲ್ಲ ಟೀಚರೇ. ಆದ್ರೆ ಬಟ್ಟೆ ತರಿಸುವುದು ನಾನು, ಹೊಲಿಯುವುದು ನಾನು. ಪಾರ್ಸೆಲಿನಲ್ಲಿ ಹೆಸರು ನನ್ನದೇ ಬೇಕು."

ಆ ಮಾತು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಕೆಂಪು ಸೀರೆಯ ನನ್ನ ಪಕ್ಕದಲ್ಲಿ ಇನ್ನೊಬ್ಬಳು ಕೆಂಪು ಸೀರೆ ಉಟ್ಟು ನಿಂತ ಹಾಗಾಯಿತು. ಆ ಕ್ಷಣವೇ ಹಮೀದಾಕನ ಕಡೆ ತಿರುಗಿ, ಗುಂಡಿಯನ್ನು ಇವತ್ತೇ ಕಿತ್ತು ಹಾಕುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಒಬ್ಬರಿಗೆ ತೊಂದರೆಯಾಯಿತೆಂದು ಎಲ್ಲರ ಬಾಗಿಲು ಮುಚ್ಚುತ್ತಾರಾ ಎಂದರು. ನಾನು ಬಗ್ಗದಿದ್ದಾಗ, ಈ ವೆಬ್‌ಸೈಟನ್ನೂ ತಮ್ಮನ ಅಂಗಡಿಗೆ ಮಾಡಿಕೊಟ್ಟವರಿಗೇ ಕೊಡಬೇಕಾಗುತ್ತದೆ ಎಂದು ಮೆಲ್ಲಗೆ ಸೇರಿಸಿದರು. ಕೊಡಿ ಎಂದೆ. ಹಳೆಯ ಗಿರಾಕಿ ಕೈತಪ್ಪಿದರೂ ಚಿಂತೆಯಿಲ್ಲ, ಆದರೆ ಕೊಡುವ ಮೊದಲು ನಿಮ್ಮ ಫೋನಿನಿಂದ ನಿಮ್ಮ ಅಂಗಡಿಗೆ ಒಮ್ಮೆ ನೀವೇ ಹೋಗಿ ನೋಡಿ ಎಂದೆ.

ಹಮೀದಾಕ ಕನ್ನಡಕ ಏರಿಸಿ ಗುಂಡಿ ಒತ್ತಿದರು. "ಸ್ವಾಗತ, ಶಾಹಿದ್" ಎಂದು ಬಂತು. ಶಾಹಿದ್ ಅವರ ಅಳಿಯ, ದುಬೈಯಲ್ಲಿದ್ದಾನೆ. ಫೋನು ಅವನು ಕೊಟ್ಟದ್ದು. ಹಮೀದಾಕ ಅದನ್ನು ದಿಟ್ಟಿಸಿ ನೋಡುತ್ತಿರುವಾಗಲೇ ಫೋನು ರಿಂಗಾಯಿತು. ಅಲ್ಲಿ ಅಳಿಯನಿಗೆ ಸೂಚನೆ ಹೋಗಿ ಆಗಿತ್ತು. ಎಂತ ಮಾಮ, ಚೂಡಿದಾರ್ ನೋಡ್ತಾ ಇದ್ದೀರಾ ಎಂದು ಅವನು ಬಹಳ ಮರ್ಯಾದೆಯಿಂದಲೇ ಕೇಳಿದ. ಝುಬೈದಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದಳು.

ಹಮೀದಾಕ ಫೋನನ್ನು ಕೌಂಟರಿನ ಮೇಲೆ ಕವುಚಿ ಇಟ್ಟರು. "ನನ್ನ ಅಂಗಡಿಗೆ ನಾನು ಹೋಗ್ಲಿಕ್ಕೆ ಅಳಿಯನನ್ನು ಕೇಳ್ಬೇಕಾ? ತೆಗೀರಿ ಟೀಚರೇ ಅದನ್ನು."

ಗೆದ್ದವಳ ನಡಿಗೆಯಲ್ಲಿ ಮನೆಗೆ ಬಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಮಾಡಿಕೊಂಡೆ. ಹೆಂಗಸರು ತಮ್ಮ ಹೆಸರಿನಲ್ಲಿ ತಾವೇ ಬಾಗಿಲು ತೆರೆಯಬೇಕು, ಗಂಡನ ಹೆಸರಿನ ಬಾಗಿಲು ಬೇಡ, ಇತ್ಯಾದಿ. ಮೇಜಿನ ಮುಂದೆ ಕುಳಿತು ಗುಂಡಿಯನ್ನು ಅಳಿಸಿದೆ. ಹೊಸ ಗಿರಾಕಿಯ ಕಣ್ಣಿಗೆ ಪುಟ ಹೇಗೆ ಕಾಣುತ್ತದೆ ಎಂದು ನೋಡಲು ಲ್ಯಾಪ್‌ಟಾಪಿನ ಹಳೆಯ ನೆನಪನ್ನೆಲ್ಲ ಒರೆಸಿದೆ. ಚೆನ್ನಾಗಿ ಕಂಡಿತು. ಇನ್ನು ಈ ಬದಲಾವಣೆಯನ್ನು, ನನ್ನ ಕೆಲಸವೆಲ್ಲ ಇರುವ ದೂರದ ಕಂಪ್ಯೂಟರಿಗೆ ಕಳಿಸಿದರೆ ಮುಗಿಯಿತು. ಕಳಿಸಲು ಹೋದರೆ, ನೀನು ಯಾರು ಎಂದು ಅದು ಕೇಳಿತು. ನೆನಪನ್ನು ಒರೆಸಿದ ಮೇಲೆ ಅದಕ್ಕೆ ನನ್ನ ಗುರುತೂ ಹೋಗಿತ್ತು. ಗುರುತಿಗಾಗಿ ಒಂದು ಗುಪ್ತ ಸಂಖ್ಯೆಯನ್ನು ನಿಮ್ಮ ಫೋನಿಗೆ ಕಳಿಸಿದ್ದೇವೆ ಎಂದಿತು. ನನ್ನ ಫೋನು ಪಕ್ಕದಲ್ಲೇ ಇತ್ತು, ಮಿಸುಕಲಿಲ್ಲ.

ಆಗ ನೆನಪಾಯಿತು. ಕುವೈತಿನಲ್ಲಿ ಕೆಲಸದಲ್ಲಿದ್ದಾಗ ಈ ಲ್ಯಾಪ್‌ಟಾಪನ್ನು ಅಲ್ಲಿಂದ ತಂದವರು ವಲೇರಿಯನ್. ತರುವ ಮೊದಲು ಖಾತೆಗಳನ್ನೆಲ್ಲ ಅವರೇ, ತಮ್ಮ ನಂಬರಿನಿಂದಲೇ, ಸಿದ್ಧಮಾಡಿದ್ದರು, ಪ್ರೀತಿಯಿಂದಲೇ.

ವಲೇರಿಯನ್ ಆಗ ಮೀನಿನ ದಕ್ಕೆಯಲ್ಲಿ ಬಂಗುಡೆಗೆ ಕ್ರಯ ಚರ್ಚೆ ಮಾಡುತ್ತಿದ್ದರು. ಫೋನ್ ಮಾಡಿ, ಒಂದು ನಂಬರ್ ಬಂದಿದೆ, ಓದಿ ಹೇಳಿ ಎಂದೆ. ಕನ್ನಡಕ ತಂದಿಲ್ಲ ಎಂದರು. ಮೀನಿನ ಹೆಂಗಸಿನ ಕೈಗೆ ಫೋನು ಕೊಟ್ಟರು. ಆಕೆ ಆ ಗುಪ್ತ ಸಂಖ್ಯೆಯನ್ನು ಇಡೀ ದಕ್ಕೆಗೆ ಕೇಳುವ ಹಾಗೆ, ತುಳುವಿನಲ್ಲಿ, ಒಂದೊಂದೇ ಅಂಕೆ ಬಿಡಿಸಿ ಓದಿದರು. ನಾನು ಬರೆದುಕೊಂಡೆ. ಫೋನು ಮತ್ತೆ ವಲೇರಿಯನ್ನರ ಕೈಗೆ ಹೋಯಿತು.

"ಎಂತಕ್ಕೆ ಇದು?" ಎಂದು ಕೇಳಿದರು.

ಝುಬೈದಾಳ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಸುಮ್ಮನೆ," ಎಂದೆ.

ಸಂಖ್ಯೆ ಒತ್ತಿದೆ. ಕೆಲಸ ಸರಾಗವಾಗಿ ಹೋಯಿತು, ಅಂಗಡಿಯ ಬಾಗಿಲಿನಿಂದ ಗುಂಡಿ ಮಾಯವಾಯಿತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂದು ಆ ದೂರದ ಕಂಪ್ಯೂಟರು ತಪ್ಪದೆ ದಾಖಲಿಸುತ್ತದೆ. ಹಮೀದಾಕನಿಗೂ ಅದರ ಒಂದು ಪ್ರತಿ ಹೋಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹಮೀದಾಕ ಫೋನ್ ಮಾಡಿ, ಕೆಲಸ ಆದ ಸುದ್ದಿ ಬಂತು, ತುಂಬ ಉಪಕಾರವಾಯಿತು, ಯಜಮಾನರಿಗೂ ಒಂದು ಥ್ಯಾಂಕ್ಸ್ ಹೇಳಿ ಎಂದರು. ಯಾಕೆ ಎಂದು ಕೇಳುವ ಅಗತ್ಯವಿರಲಿಲ್ಲ. ತೆರೆಯ ಮೇಲೆ ನನ್ನೆದುರೇ ಇತ್ತು: ಗುಂಡಿಯನ್ನು ತೆಗೆದವರು, ವಲೇರಿಯನ್.